ಎಣಿಸದೆ ಬಿಟ್ಟ ಪಿನ್ನುಗಳು

ಶಹಾಬಾದಿನವನಿಗೆ ಯಾರಾದರೂ ಶಾಲು ಹೊದಿಸಿದರೆ ನನ್ನ ಮೈ ಉರಿಯುತ್ತದೆ. ಎದ್ದು ಹೋಗಿ ಆ ಶಾಲನ್ನೇ ಆತನ ಬಾಯಿಗೆ ತುರುಕಬೇಕು ಅನಿಸುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಈ ಉರಿ ಆರಿಲ್ಲ. ಆರಿಸಲು ನಾನು ಪ್ರಯತ್ನವನ್ನೂ ಪಟ್ಟಿಲ್ಲ. ವಯಸ್ಸಾದಂತೆ ಮನುಷ್ಯ ಮೆತ್ತಗಾಗುತ್ತಾನೆ ಎಂದು ನನ್ನ ಹೆಂಡತಿ ಹೇಳುತ್ತಿರುತ್ತಾಳೆ. ಹಲ್ಲು ಮೆತ್ತಗಾದವು, ಮೊಣಕಾಲು ಮೆತ್ತಗಾದವು, ಇದೊಂದು ಮಾತ್ರ ಗಟ್ಟಿಯಾಗಿಯೇ ಉಳಿದಿದೆ.

ನಾವಿಬ್ಬರೂ ವಾಯುಪಡೆಯಲ್ಲಿ ದುಡಿದವರು. ಹಾರಿದವರಲ್ಲ, ಹಾರುವವರನ್ನು ಸಿದ್ಧಮಾಡಿ ಕಳಿಸಿದವರು. ನಾನು ಸೇಡಂನವನು, ವಿಮಾನದ ಮೈ, ರೆಕ್ಕೆ, ಚಕ್ರ ನೋಡಿಕೊಳ್ಳುವ ಫಿಟ್ಟರ್. ಆತ ಶಹಾಬಾದಿನವನು, ಶಸ್ತ್ರಾಸ್ತ್ರದ ಫಿಟ್ಟರ್. ಬಾಂಬು, ಗುಂಡು, ಸಿಡಿಯುವಂಥದ್ದೆಲ್ಲ ಆತನ ಪಾಲು. ಮೂರು ವರ್ಷ ಒಂದೇ ಬ್ಯಾರಕ್ಕಿನಲ್ಲಿ ಮಲಗಿದ್ದೇವೆ, ಊರಿನಿಂದ ಬಂದ ಒಂದೇ ಡಬ್ಬಿಯ ಶೇಂಗಾ ಹಿಂಡಿಯ ಪುಡಿಯನ್ನು ಚಪಾತಿಗೆ ಹಚ್ಚಿ ಹಂಚಿಕೊಂಡು ತಿಂದಿದ್ದೇವೆ. ಆಗ ಆತ ನನಗೆ ಅಣ್ಣತಮ್ಮಂದಿರಿಗಿಂತ ಹೆಚ್ಚಾಗಿದ್ದ.

ನಮ್ಮ ಸ್ಕ್ವಾಡ್ರನ್ನಿಗೆ ಹೊಸದಾಗಿ ಬಂದ ಪೈಲಟ್ ಒಬ್ಬರು ವಾಡಿಯವರು ಎಂದು ಗೊತ್ತಾದ ದಿನ ನಮಗಾದ ಹಿಗ್ಗು ಹೇಳತೀರದು. ರೈಲ್ವೆ ಗಾರ್ಡ್ ಒಬ್ಬರ ಮಗ. ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅಧಿಕಾರಿಗಳೆಲ್ಲ ಇಂಗ್ಲಿಷ್, ಹಿಂದಿಯಲ್ಲಿ ಮಾತಾಡುವ ಜಾಗದಲ್ಲಿ, ಮೊದಲನೆಯ ದಿನವೇ ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ವಿಮಾನದ ರೆಕ್ಕೆಯ ಕೆಳಗೆ ನಿಂತು, "ಯಾಕ್ರೀ, ಊಟ ಆಯ್ತೇನ್ರಿ?" ಅಂದುಬಿಟ್ಟರು. ನಾನು ಸೆಲ್ಯೂಟ್ ಹೊಡೆಯುವುದನ್ನೇ ಮರೆತೆ. ಅವತ್ತಿನಿಂದ ಅವರು ಉಳಿದವರ ಪಾಲಿಗೆ ಫ್ಲೈಟ್ ಲೆಫ್ಟಿನೆಂಟ್, ನಮ್ಮಿಬ್ಬರ ಪಾಲಿಗೆ ನಮ್ಮ ಸಾಹೇಬರು.

ಇಲ್ಲಿ ಒಂದು ಕೆಲಸದ ರೀತಿ ಹೇಳಬೇಕು. ಯುದ್ಧವಿಮಾನ ನೆಲದ ಮೇಲೆ ನಿಂತಿರುವಾಗ ಸಿಡಿಯುವಂಥ ಪ್ರತಿಯೊಂದು ವಸ್ತುವಿಗೂ ಒಂದೊಂದು ಪಿನ್ನು ಚುಚ್ಚಿರುತ್ತಾರೆ, ಅಪ್ಪಿತಪ್ಪಿ ಅಲ್ಲೇ ಸಿಡಿಯಬಾರದೆಂದು. ಪ್ರತಿ ಪಿನ್ನಿಗೂ ಗೇಣುದ್ದ ಕೆಂಪು ಪಟ್ಟಿ. ಹಾರುವ ಮೊದಲು ಶಸ್ತ್ರಾಸ್ತ್ರದ ಫಿಟ್ಟರ್ ಅವನ್ನೆಲ್ಲ ಕಿತ್ತು, ವಿಮಾನದ ಮುಂದೆ ಬಂದು, ಒಂದೊಂದೇ ಬಿಡಿಸಿ ಹಿಡಿದು ಪೈಲಟ್‌ಗೆ ತೋರಿಸಬೇಕು. ನಮ್ಮ ವಿಮಾನಕ್ಕೆ ಏಳು. ಪೈಲಟ್ ಒಳಗೆ ಕೂತು ಏಳನ್ನೂ ಎಣಿಸಿ ಹೆಬ್ಬೆರಳು ಎತ್ತುತ್ತಾನೆ. ಆಮೇಲೆ ವಿಮಾನ ಹೊರಡುತ್ತದೆ, ಪಿನ್ನುಗಳು ಶೆಡ್ಡಿನ ಹಲಗೆಯ ಮೇಲಿನ ಏಳು ಕೊಕ್ಕೆಗಳಿಗೆ ಹೋಗುತ್ತವೆ. ಎಲ್ಲ ಸರಿಯಾಗಿದೆ ಎಂದು ಕಡೆಯ ಸಹಿ ಹಾಕುವವನು ನಾನು.

ಉಳಿದ ಪೈಲಟ್‌ಗಳಿಗೆ ಇದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದೆವು. ನಮ್ಮ ಸಾಹೇಬರ ಮಟ್ಟಿಗೆ ಮಾತ್ರ ಸಲುಗೆ ಬಂದುಬಿಟ್ಟಿತು. ಏಣಿ ಹತ್ತಿ ಬೆಲ್ಟು ಬಿಗಿಯುವಾಗ ನಾನು ವಾಡಿ ಸ್ಟೇಷನ್ನಿನ ಮಿರ್ಚಿ ಬಜಿಯ ಸುದ್ದಿ ತೆಗೆಯುತ್ತಿದ್ದೆ, ಅವರು ನಗುತ್ತಿದ್ದರು. ಕೆಳಗಿನಿಂದ ಶಹಾಬಾದಿನವನು ಪಿನ್ನುಗಳನ್ನೆಲ್ಲ ಒಂದೇ ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದ. ಅವರು ಹೆಬ್ಬೆರಳು ಎತ್ತುತ್ತಿದ್ದರು. ನಮ್ಮವರ ಮುಂದೆ ಏನು ಎಣಿಸುವುದು ಅನ್ನುವ ಭಾವನೆ ಮೂವರಿಗೂ ಇತ್ತು. ಆ ಭಾವನೆಯನ್ನು ನೆನೆದರೆ ಈಗಲೂ ನನಗೆ ನನ್ನ ಕಪಾಳಕ್ಕೆ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಬೆಟ್ಟದ ಮೇಲೆ ಯುದ್ಧ ನಡೆಯುತ್ತಿದ್ದ ದಿನಗಳು ಅವು. ಅವತ್ತು ಬೆಳಿಗ್ಗೆ ಸಾಹೇಬರು ಒಂದು ಸಲ ಹೋಗಿ ಬಂದಿದ್ದರು. ಒಂದು ತಾಸಿನೊಳಗೆ ಮತ್ತೆ ಹೊರಡಲು ಹುಕುಂ ಬಂತು. ಇಂಧನ ತುಂಬುವವರು, ಬಾಂಬು ಕಟ್ಟುವವರು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಕೆಲಸ ಮಾಡಿದೆವು. ನಾನು ಬೆಲ್ಟು ಬಿಗಿದು ಕೆಳಗಿಳಿಯುವಾಗ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಚಾ ಆರಸಬ್ಯಾಡ್ರಿ, ಲಗೂನ ಬರ್ತೀನಿ" ಅಂದರು. ಶಹಾಬಾದಿನವನು ಮುಷ್ಟಿ ಅಲ್ಲಾಡಿಸಿದ. ಅವರು ಹೆಬ್ಬೆರಳು ಎತ್ತಿದರು.

ಎರಡು ವಿಮಾನ ಹೋದವು, ಒಂದು ಬಂತು. ಜೊತೆಗೆ ಹಾರಿದ್ದ ಪೈಲಟ್ ಇಳಿದು ಹೇಳಿದ್ದನ್ನು ನಾನು ಅಲ್ಲೇ ನಿಂತು ಕೇಳಿದೆ. ಕೆಳಗಿನಿಂದ ಕ್ಷಿಪಣಿ ಬಂತಂತೆ. ಅಂಥ ಕ್ಷಿಪಣಿ ಬಿಸಿಯನ್ನು ಹುಡುಕಿಕೊಂಡು ಬರುತ್ತದೆ. ಅದರ ದಾರಿ ತಪ್ಪಿಸಲು ವಿಮಾನ ತನ್ನ ಹಿಂದೆ ಫ್ಲೇರ್ ಎನ್ನುವ ಬೆಂಕಿಯ ಉಂಡೆಗಳನ್ನು ಚೆಲ್ಲಬೇಕು. ಈತನ ವಿಮಾನ ಚೆಲ್ಲಿತಂತೆ, ಸಾಹೇಬರದರಿಂದ ಒಂದೂ ಬೀಳಲಿಲ್ಲವಂತೆ. ನಾನು ಶೆಡ್ಡಿಗೆ ಓಡಿದೆ. ಹಲಗೆಯ ಮೇಲೆ ಆರು ಪಿನ್ನು ಇದ್ದವು, ಫ್ಲೇರಿನ ಕೊಕ್ಕೆ ಖಾಲಿ ಇತ್ತು. ಪಿನ್ನು ಚುಚ್ಚಿಕೊಂಡಿದ್ದರೆ ಫ್ಲೇರು ಬೀಳುವುದಿಲ್ಲ.

ನಾನು ಅಲ್ಲಿ ನಿಂತಿದ್ದಾಗಲೇ ಶಹಾಬಾದಿನವನು ಬಂದ. ಹಲಗೆ ನೋಡಿದ, ನನ್ನನ್ನು ನೋಡಿದ. ಮೂಲೆಯ ಪೆಟ್ಟಿಗೆ ತೆರೆದು, ಬೇರೆ ವಿಮಾನದ ಒಂದು ಹೆಚ್ಚಿನ ಪಿನ್ನು ತೆಗೆದು, ಖಾಲಿ ಕೊಕ್ಕೆಗೆ ಹಾಕಿ ಹೊರಗೆ ಹೋದ.

ವಿಚಾರಣೆಯಾಯಿತು. ಏಳೂ ಪಿನ್ನು ತೆಗೆದದ್ದನ್ನು ನೋಡಿದಿರಾ ಎಂದು ಕೇಳಿದರು. ನೋಡಿದೆ ಅಂದೆ. ಶಹಾಬಾದಿನವನ ಮಗಳಿಗೆ ಆಗ ಮೂರು ತಿಂಗಳು, ಅದಕ್ಕೇ ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ವಿಮಾನದ ಅವಶೇಷ ಯಾರೂ ಹತ್ತಲಾಗದ ಬಂಡೆಯ ಮೇಲೆ ಬಿದ್ದಿತ್ತು. ಕ್ಷಿಪಣಿ ಬಹಳ ಹತ್ತಿರದಿಂದ ಬಂದದ್ದರಿಂದ ಫ್ಲೇರ್ ಬಿಡಲು ಸಮಯ ಸಿಕ್ಕಿರಲಿಕ್ಕಿಲ್ಲ ಎಂದು ದೊಡ್ಡವರು ತೀರ್ಮಾನಿಸಿದರು. ಇರಬಹುದು. ಪಿನ್ನು ತೆಗೆದಿದ್ದರೂ ಸಾಹೇಬರು ಉಳಿಯುತ್ತಿರಲಿಲ್ಲವೇನೋ. ಆದರೆ ಕಾಗದದ ಮೇಲೆ ಎಲ್ಲವೂ ಸರಿ ಇತ್ತು, ಅದರ ಕೆಳಗೆ ನನ್ನ ಸಹಿಯೂ ಇತ್ತು.

ನಿವೃತ್ತಿಯಾಗಿ ಇಬ್ಬರೂ ಊರಿಗೆ ಬಂದೆವು. ನಾನು ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದೆ. ಶಹಾಬಾದಿನವನು ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಮಷೀನು ಹಾಕಿಕೊಂಡ. ಅದನ್ನು ಮಾಡಿಕೊಂಡು ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಆತ ಭಾಷಣಕ್ಕೆ ಇಳಿದ. ಚಿತ್ತಾಪುರದ ಶಾಲೆ, ವಾಡಿಯ ಕಾಲೇಜು, ಚಿಂಚೋಳಿಯ ಹಾಸ್ಟೆಲ್ಲು, ನಾಲವಾರ, ಕುರಕುಂಟಾ, ಎಲ್ಲಿ ಕರೆದರೂ ಹೋಗುತ್ತಿದ್ದ. ಕರೆಯದಿದ್ದಲ್ಲಿಗೂ ಹೋಗಿ ಹೆಡ್ ಮಾಸ್ತರರಿಗೆ ಕೈಮುಗಿದು ಅರ್ಧ ತಾಸು ಕೇಳಿಕೊಳ್ಳುತ್ತಿದ್ದನಂತೆ. ನಿಂತು ಸಾಹೇಬರ ಕತೆ ಹೇಳುವುದು, ಕಣ್ಣೊರೆಸಿಕೊಳ್ಳುವುದು, ಚಪ್ಪಾಳೆ, ಶಾಲು. ಒಂದು ಸಲ ಕುರಕುಂಟಾದಲ್ಲಿ ಕಡೆಯ ಸಾಲಿನಲ್ಲಿ ಕೂತು ಕೇಳಿದೆ. "ಸಾಹೇಬ್ರು ಹೋಗೋ ಮುಂದ ನನ್ನ ಹೆಗಲ ಮ್ಯಾಲ ಕೈ ಇಟ್ರು. ಚಾ ಆರಸಬ್ಯಾಡ್ರಿ, ಲಗೂನ ಬರ್ತೀನಿ ಅಂದ್ರು" ಅಂದ. ನನ್ನ ಹೆಗಲು, ನನಗೆ ಹೇಳಿದ ಮಾತು! ಅದನ್ನೂ ಬಿಡಲಿಲ್ಲವಲ್ಲ ಈ ಮನುಷ್ಯ ಎಂದು ಹಲ್ಲು ಕಡಿದುಕೊಂಡು ಬಂದೆ. ನನ್ನ ಬಳಿ ಉಳಿದಿದ್ದದ್ದು ಅದೊಂದೇ.

ಸಾಹೇಬರಿಗೆ ಒಬ್ಬರೇ ಅಕ್ಕ. ವಾಡಿಯಲ್ಲೇ ಮಾಸ್ತರಿಣಿಯಾಗಿದ್ದು ನಿವೃತ್ತರಾದವರು. ತಮ್ಮ ತೀರಿಕೊಂಡ ದಿನ ಪ್ರತಿವರ್ಷ ಸುತ್ತಲಿನ ಮಾಜಿ ಸೈನಿಕರನ್ನು ಕರೆಯುತ್ತಾರೆ. ಬೆಳಿಗ್ಗೆ ಶಾಲೆಯಲ್ಲಿ ಒಂದು ಸಭೆ, ಆಮೇಲೆ ಅವರ ಮನೆಯಲ್ಲಿ ಬುದ್ಧನ ಚಿತ್ರ, ತಮ್ಮನ ಫೋಟೋ ಎರಡರ ಮುಂದೆ ಮೇಣದಬತ್ತಿ ಹಚ್ಚಿ ಐದು ನಿಮಿಷ ಮೌನ, ಆಮೇಲೆ ತಮ್ಮನಿಗೆ ಪ್ರೀತಿಯಾಗಿದ್ದ ಮಂಡಕ್ಕಿಯ ಸುಸಲಾ, ಮಿರ್ಚಿ. ಊರಿಗೆ ಬಂದ ಮೇಲೆ ನಾನು ಒಂದು ವರ್ಷವೂ ತಪ್ಪಿಸಿಲ್ಲ. ಶಹಾಬಾದಿನವನೂ ತಪ್ಪಿಸಿಲ್ಲ. ಒಂದೇ ಕೋಣೆಯಲ್ಲಿ ಕೂತು, ಒಂದೇ ಬುಟ್ಟಿಯ ಮಿರ್ಚಿ ತಿಂದು, ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಬರುತ್ತಿದ್ದೆವು.

ಈ ವರ್ಷ ಶಾಲೆಯ ಒಂದು ಕೋಣೆಗೆ ಸಾಹೇಬರ ಹೆಸರಿಡುತ್ತಾರೆ, ಫಲಕದ ಮೇಲಿನ ಪರದೆ ಎಳೆಯುವವನು ಶಹಾಬಾದಿನವನು ಎಂದು ಸುದ್ದಿ ಬಂತು. ಅಲ್ಲಿ ಓದಿ ಹೇಳಲೆಂದು ನಾನು ಅವತ್ತೇ ನಾಲ್ಕು ಹಾಳೆ ಬರೆದೆ. ಪಿನ್ನು, ಕೊಕ್ಕೆ, ಪೆಟ್ಟಿಗೆ, ಎಲ್ಲ. ಅಕ್ಕ ಆತನನ್ನು ಎಲ್ಲರ ಮುಂದೆ ಎಬ್ಬಿಸಿ ಹೊರಗೆ ಹಾಕಬೇಕು. ಆ ಮನೆಯ ಹೊಸಿಲು ದಾಟಿ ಹೋಗುವಾಗ ಆತನ ಮುಖ ಹೇಗಿರುತ್ತದೆ ಎಂದು ನಾನು ನೋಡಬೇಕು. ನನಗೆ ಬೇಕಿದ್ದದ್ದು ಇಷ್ಟೇ, ಇದಕ್ಕಿಂತ ದೊಡ್ಡ ನ್ಯಾಯ ಗೀಯ ಏನೂ ಅಲ್ಲ.

ಸಭೆಯ ದಿನ ರೈಲಿನಲ್ಲಿ ನನ್ನ ಜೊತೆ ಚಿಂಚೋಳಿಯ ಹವಾಲ್ದಾರನಿದ್ದ. ಭೂಸೇನೆಯಲ್ಲಿದ್ದವನು, ಪ್ರತಿವರ್ಷ ಬಸ್ಸಿನಲ್ಲಿ ಸೇಡಂಗೆ ಬಂದು ಅಲ್ಲಿಂದ ನನ್ನ ಜೊತೆ ವಾಡಿಗೆ ಬರುತ್ತಾನೆ. ಚಿತ್ತಾಪುರ ದಾಟಿದ ಮೇಲೆ ಆತನಿಗೆ ಹಾಳೆಗಳನ್ನು ಕೊಟ್ಟೆ. ಕನ್ನಡಕ ಹಾಕಿಕೊಂಡು ನಾಲ್ಕೂ ಓದಿದ. ಮಡಚಿ ವಾಪಸು ಕೊಟ್ಟು ಕನ್ನಡಕ ತೆಗೆದು ಜೇಬಿಗಿಟ್ಟ.

"ಏನರೆ ಹೇಳೋ" ಅಂದೆ.

"ಏನ್ ಹೇಳ್ಲಿ ಅಣ್ಣಾ. ಭಾಳ ಖರಾಬ್ ಕೆಲಸ ಆಗ್ಯದ."

"ಇವತ್ತು ಹೇಳಿಬಿಡ್ತೀನಿ. ಸಭಾದಾಗ, ಮೈಕ್ ಹಿಡ್ಕೊಂಡು."

"ಹುಡುಗರು ಕುಂತಿರ್ತಾವ, ಅಲ್ಲಿ ಬ್ಯಾಡ. ಮನ್ಯಾಗ ಹೇಳು. ಅದೂ ಊಟ ಆದ ಮ್ಯಾಲ ಹೇಳು. ಮುಂಜಾನಿಂದ ನಾ ಏನೂ ತಿಂದಿಲ್ಲ."

ಆತನ ಹೊಟ್ಟೆಗೆ ಬೆಂಕಿ ಬೀಳಲಿ ಎಂದು ಬೈದೆ. ಆದರೂ ಮಕ್ಕಳ ಮಾತು ತಲೆಯಲ್ಲಿ ಉಳಿಯಿತು.

ಸಭೆಯಲ್ಲಿ ಎಲ್ಲ ಎಂದಿನಂತೆಯೇ ನಡೆಯಿತು. ಶಹಾಬಾದಿನವನು ಪರದೆ ಎಳೆದ. ಮಕ್ಕಳು ಚಪ್ಪಾಳೆ ತಟ್ಟಿದವು. ಆತ ಅದೇ ಕತೆ ಹೇಳಿದ, ಅದೇ ಹೆಗಲು, ಅದೇ ಚಹಾ. ಈ ಸಲ ಗಮನಿಸಿದೆ, ಬಹಳ ಇಳಿದುಹೋಗಿದ್ದ, ಮಾತಿನ ನಡುವೆ ಎರಡು ಸಲ ಕೆಮ್ಮಿ ನಿಂತ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹತ್ತಿದೆ ಎಂದು ಪಕ್ಕದವರು ಹೇಳಿದರು. ಹತ್ತಲಿ ಅಂದುಕೊಂಡೆ. ಹೆಡ್ ಮಾಸ್ತರರು ಶಾಲು ಹೊದಿಸುವಾಗ ಆತ ತಲೆ ಬಗ್ಗಿಸಿದ. ವಿನಯದ ನಾಟಕ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಅಕ್ಕ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತು ಆತನನ್ನೇ ನೋಡುತ್ತಿದ್ದರು, ಚಪ್ಪಾಳೆ ತಟ್ಟಲಿಲ್ಲ.

ಮನೆಗೆ ಬಂದು ಮೇಣದಬತ್ತಿ ಹಚ್ಚಿ ಮೌನ ಮುಗಿದ ಮೇಲೆ ಅಕ್ಕ ಮಿರ್ಚಿ ಕರಿಯಲು ಅಡುಗೆಮನೆಗೆ ಹೋದರು. ಹೊರಗಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ನಾನು ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹೊರಗಿನವರಿಗೂ ಕೇಳಲಿ ಎಂದು ದನಿ ಎತ್ತಿಯೇ ಶುರುಮಾಡಿದೆ. ಹಾಳೆ ನೋಡಬೇಕಾಗಲಿಲ್ಲ, ಎಲ್ಲ ಬಾಯಿಗೆ ಬಂದಿತ್ತು. ಖಾಲಿ ಕೊಕ್ಕೆ ಹೇಳಿದೆ. ಪೆಟ್ಟಿಗೆಯಿಂದ ತೆಗೆದ ಪಿನ್ನು ಹೇಳಿದೆ. "ಅಕ್ಕಾ, ನಿಮ್ಮ ತಮ್ಮಗ ಕೊಂದಾಂವ ನಿಮ್ಮ ಮನ್ಯಾಗ ಕುಂತಾನ್ರಿ" ಅಂದೆ.

ಅಕ್ಕ ಮಿರ್ಚಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದರು. ನಾನು ಹೇಳಿ ಮುಗಿಸುವವರೆಗೆ ಕೈ ನಿಲ್ಲಿಸಲಿಲ್ಲ. ಆಮೇಲೆ ಒಲೆ ಆರಿಸಿ, ಕೈ ಒರೆಸಿಕೊಂಡು ತಿರುಗಿದರು.

"ಅಂವ ಮೊದಲನೇ ವರ್ಸಾನೇ ಬಂದು ಹೇಳ್ಯಾನ" ಅಂದರು.

ನನಗೆ ಏನೂ ತಿಳಿಯಲಿಲ್ಲ. "ಯಾರ್ರಿ?" ಅಂದೆ.

"ಅಂವನೇ. ನೌಕರಿಗಿ ಸೂಟಿ ಹಾಕಿ ಸೀದಾ ಇಲ್ಲಿಗಿ ಬಂದಿದ್ದ. ನಮ್ಮ ಅವ್ವ ಇನ್ನಾ ಇದ್ದಳು. ಪಿನ್ನು ಹಿಂಗಾತು, ಕೊಕ್ಕಿಗಿ ನಾನೇ ಬ್ಯಾರೇದು ಹಾಕ್ದೆ, ನನಗ ಪೊಲೀಸರಿಗಿ ಕೊಡ್ರಿ ಅಂದ. ಮೂರು ದಿನ ಆ ಕಟ್ಟಿ ಮ್ಯಾಲ ಕುಂತ. ನಾ ಒಂದು ತಂಬಿಗಿ ನೀರು ಕೊಡಲಿಲ್ಲ."

"ಮತ್ತ ಯಾಕ ಬಿಟ್ರಿ?"

"ಬಿಟ್ಟೀನಿ ಅಂತ ಯಾರು ಹೇಳ್ಯಾರ?" ಅಕ್ಕನ ದನಿ ಏರಲಿಲ್ಲ, ಶಾಲೆಯಲ್ಲಿ ಪಾಠ ಹೇಳಿದವರ ದನಿ, ನಿಧಾನವಾಗಿಯೇ ಬಂತು. "ಜೇಲಿಗಿ ಹೋದ್ರ ನಾಕು ವರ್ಸಕ್ಕ ಹೊರಗ ಬರ್ತಾನ. ನನಗ ಅದು ಸಾಲದು ಅನಸ್ತು. ನಾಕನೇ ದಿನ ಹೇಳ್ದೆ. ನೌಕರಿ ಮುಗಿಸಿ ಬಂದ ಮ್ಯಾಲ ನೀ ಬದುಕಿರೋ ತನಕ ಊರೂರಿಗಿ ಹೋಗಿ ನನ್ನ ತಮ್ಮನ ಕತಿ ಹೇಳಬೇಕು. ಜಡ್ಡಾಗಿ ಮಲಗಿದ್ರೂ ಎದ್ದು ಹೇಳಬೇಕು, ಕರೀಲಿಲ್ಲಂದ್ರೂ ಹೋಗಿ ಹೇಳಬೇಕು. ಪಿನ್ನಿಂದು ಮಾತ್ರ ಬಾಯಿ ಬಿಡಬಾರದು. ಅದನ್ನ ಹೇಳಿದ್ರ ನಿನಗ ಹಗೂರ ಆಗ್ತದ. ಚಪ್ಪಾಳಿ ಹೊಡಸ್ಕೋ, ಶಾಲು ಹೊದ್ಕೋ, ಅದೇ ನಿನ್ನ ಒಳಗಿಂದ ತಿನ್ನಲಿ. ಬಂದ ಶಾಲುಗಳೆಲ್ಲಾ ತಂದು ನನಗ ಕೊಡು. ಇಟ್ಟೀನಿ ನೋಡು ಅಲ್ಲಿ."

ಅಡುಗೆಮನೆಯ ಮೂಲೆಯಲ್ಲಿ, ಬಕೆಟ್ಟಿನ ಮೇಲೆ, ನೆಲ ಒರೆಸುವ ಅರಿವೆ ಒಣಗುತ್ತಿತ್ತು. ಶಾಲಿನ ಕೆಂಪು ಜರಿ ಅಂಚು ಇನ್ನೂ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು, ಹಸಿರು ಅಂಚಿನದು, ಅರ್ಧ ಹರಿದದ್ದು.

ನಾನು ತಿರುಗಿ ಹೊರಗೆ ನೋಡಿದೆ. ಶಹಾಬಾದಿನವನು ಗೋಡೆಗೆ ಒರಗಿ ಕೂತಿದ್ದ. ಇವತ್ತಿನ ಶಾಲನ್ನು ಆಗಲೇ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ, ಕೊಡುವುದಕ್ಕೆ. ಎಲ್ಲರೂ ಆತನನ್ನೇ ನೋಡುತ್ತಿದ್ದರು. ಆತ ನನ್ನ ಮೇಲೆ ಸಿಟ್ಟಾಗಿರಲಿಲ್ಲ. ತಾನು ಹೊತ್ತ ಚೀಲಕ್ಕೆ ಯಾರೋ ಕೈ ಹಚ್ಚಿದಾಗ ನೋಡುವ ಹಾಗೆ ನೋಡಿದ. ಅದನ್ನು ನನಗೆ ತಡೆಯಲಾಗಲಿಲ್ಲ. ಆತನಿಗೆ ಹಗುರಮಾಡಿದವನು ನಾನೇ ಆಗಿದ್ದೆ.

"ನನ್ನ ಹೆಗಲಿನ ಮಾತು?" ಎಂದು ಕೇಳಿಬಿಟ್ಟೆ. ಅಂಥ ಹೊತ್ತಿನಲ್ಲಿ ಕೇಳುವ ಮಾತಲ್ಲ ಅದು, ಆದರೂ ಬಾಯಿಗೆ ಬಂತು. "ಚಾ ಆರಸಬ್ಯಾಡ್ರಿ ಅಂದದ್ದು ನನಗ್ರಿ. ಅದನ್ನ ಯಾಕ ತನ್ನದು ಅಂತಾನ?"

"ನಾನೇ ಹಾಕಿಸೀನಿ" ಅಂದರು ಅಕ್ಕ. "ಹಂಗಂದದ್ದು ನಿನಗ ಅಂತ ಅಂವ ಹೇಳಿದ್ದ. ನಿನ್ನ ಬಾಯಿಂದ ಅದು ಬರಲಿ ಅಂತ ಹಾಕಿಸ್ದೆ. ಸುಳ್ಳು ಕೇಳಿ ನಿನಗ ಸಿಟ್ಟಾದ್ರೂ ಬಂದು, ಅಕ್ಕಾ ಅದು ನನ್ನ ಮಾತು ಅಂತ ಹೇಳಾಕ ಬರ್ತಿ, ಬಂದಾಗ ಉಳದದ್ದೂ ಹೇಳ್ತಿ ಅಂದ್ಕೊಂಡಿದ್ದೆ. ಭಾಳ ವರ್ಸ ಕಾಯ್ದೆ."

"ಇವತ್ತ ಬಂದೀನಲ್ರಿ ಅಕ್ಕಾ."

"ಇವತ್ತ ನೀ ನನಗ ಹೇಳಾಕ ಬಂದಿಲ್ಲ ತಮ್ಮಾ. ಹೊರಗ ಕುಂತವರಿಗಿ ಕೇಳಲಿ ಅಂತ ಒದರಿದಿ. ಆ ವಿಮಾನದ ಕಾಗದದ ಮ್ಯಾಲ ಕಡೀ ಸಹಿ ಯಾರದಿತ್ತು? ಅದೊಂದು ನಿನ್ನ ಬಾಯಾಗ ಬರಲೇ ಇಲ್ಲ."

ನಾಲ್ಕು ಹಾಳೆಗಳಲ್ಲೂ ಅದು ಇರಲಿಲ್ಲ. ಬರೆಯುವಾಗ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಅಷ್ಟು ಸಲೀಸಾಗಿ ಬಿಟ್ಟಿದ್ದೆ. ಆತನ ಮಗಳಿಗೆ ಮೂರು ತಿಂಗಳೆಂದು ಕನಿಕರಪಟ್ಟು ವಿಚಾರಣೆಯಲ್ಲಿ ಸುಳ್ಳು ಹೇಳಿದವನಲ್ಲ ನಾನು, ನನ್ನ ಸಹಿ ಹೊರಗೆ ಬರುತ್ತದೆ, ನನ್ನ ನೌಕರಿ ಹೋಗುತ್ತದೆ ಎಂದು ಹೇಳಿದವನು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಮೊದಲ ಸಲ ನನಗೆ ನಾನೇ ಒಪ್ಪಿಕೊಂಡೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಬಚ್ಚಿಡುವುದೇಕೆ, ಶಹಾಬಾದಿನವನ ಮೇಲೆ ಹೊಟ್ಟೆಕಿಚ್ಚಾಯಿತು. ಆತನಿಗೆ ಮಾಡಲು ಒಂದು ಕೆಲಸವಿತ್ತು.

"ನನಗೂ ಏನರೆ ಹೇಳ್ರಿ ಅಕ್ಕಾ" ಅಂದೆ. "ನಾನೂ ಊರೂರಿಗಿ ಹೋಗ್ತೀನಿ. ಅಂವಗ ಆರಾಮಿಲ್ಲ, ಅಂವನ ಬದಲಿ ನಾ ಹೋಗ್ತೀನಿ. ಏನು ಹೇಳಿದ್ರೂ ಮಾಡ್ತೀನ್ರಿ."

ಅಕ್ಕ ಮತ್ತೆ ಒಲೆ ಹೊತ್ತಿಸಿ, ಉಳಿದ ಮಿರ್ಚಿ ಕರಿದು, ತಟ್ಟೆಗೆ ಸುಸಲಾ ಹಾಕಿ, ಎಲ್ಲರಿಗಿಂತ ಮೊದಲು ನನಗೆ ತಂದುಕೊಟ್ಟರು. ಫೋಟೋದ ಎದುರಿಗೆ ಚಾಪೆ ತೋರಿಸಿದರು.

"ಕುಂದ್ರು. ಉಣ್ಣು" ಅಂದರು. "ಬರೋ ವರ್ಸಾನೂ ಬಾ, ಅದರ ಮುಂದಿನ ವರ್ಸಾನೂ ಬಾ. ಇಲ್ಲೇ ಕುಂದ್ರು. ನಿನಗ ನಾ ಯಾವ ಕೆಲಸಾನೂ ಹೇಳಂಗಿಲ್ಲ."